ಅಪಲಾಚಿಯನ್ ಬೆಟ್ಟದೂರಿಗೆ ಬರುವವರಿಗೆ: ಮನೆ ಹಿಡಿಯುವುದು, ಗಾಡಿ ಓಡಿಸುವುದು, ಚಳಿಗಾಲ ಕಳೆಯುವುದು

ಪ್ರತಿ ವರ್ಷ ಬೇಸಿಗೆ ಬಂತೆಂದರೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕೆಲಸ ಸಿಕ್ಕಿದೆ, ಊರು ಚಿಕ್ಕದಂತೆ, ಸುತ್ತ ಬರೀ ಬೆಟ್ಟವಂತೆ, ಅಲ್ಲಿ ಗಾಡಿ ಓಡಿಸೋಕೆ ಆಗುತ್ತಾ? ಯಾವ ಕಾರು ತಗೊಳ್ಳಲಿ? ಹಿಮ ಬಿದ್ದರೆ ಏನು ಮಾಡೋದು? ಜನ ಹೇಗೆ?

ಕೇಳುವವರಲ್ಲಿ ಜಾಸ್ತಿ ಜನ ವೈದ್ಯರು ಮತ್ತು ಅವರ ಮನೆಯವರು. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದ ವೈದ್ಯರು ನಿಯಮದಂತೆ ಎರಡು ವರ್ಷ ತಮ್ಮ ದೇಶಕ್ಕೆ ವಾಪಸ್ ಹೋಗಿರಬೇಕು. ಅದರಿಂದ ವಿನಾಯ್ತಿ ಬೇಕಾದರೆ (ಎಲ್ಲರೂ 'ವೇವರ್' ಅನ್ನುವುದು ಇದನ್ನೇ) ವೈದ್ಯರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಅಂಥ ಜಾಗಗಳು ಈ ಬೆಟ್ಟಗಳಲ್ಲಿ ಬೇಕಾದಷ್ಟಿವೆ. ಹಾಗಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರು ಡೆಟ್ರಾಯಿಟ್ ಅಥವಾ ನ್ಯೂಯಾರ್ಕಿನಿಂದ ನೇರವಾಗಿ ಇಲ್ಲಿಗೆ ಬಂದಿಳಿಯುತ್ತಾರೆ.

ಅಪಲಾಚಿಯ ಅಂದರೆ ಅಮೆರಿಕದ ಪೂರ್ವ ಭಾಗದ ಬೆಟ್ಟಸಾಲಿನ ಪ್ರದೇಶ. ಸರ್ಕಾರದ ಲೆಕ್ಕದಲ್ಲಿ ಅದು 13 ರಾಜ್ಯಗಳ 423 ಕೌಂಟಿಗಳು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ನಾನು ಬರೆಯುತ್ತಿರುವುದು ದಕ್ಷಿಣ ವೆಸ್ಟ್ ವರ್ಜೀನಿಯಾ, ಅದಕ್ಕೆ ಅಂಟಿಕೊಂಡ ವರ್ಜೀನಿಯಾ ಮತ್ತು ಕೆಂಟಕಿ ಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು. ಕೆಳಗೆ ಹೇಳುವ ಎಲ್ಲದರ ಹಿಂದೆ ಒಂದೇ ಲೆಕ್ಕ ಇದೆ. ಇಲ್ಲಿ ಸಹಾಯ ಬರುವುದಕ್ಕೆ ಹೊತ್ತಾಗುತ್ತದೆ. ಆಂಬುಲೆನ್ಸ್ ಇರಲಿ, ಗಾಡಿ ಎಳೆಯುವ ಟ್ರಕ್ ಇರಲಿ, ಕರೆಂಟ್ ಸರಿಮಾಡುವವರಿರಲಿ. ಜನ ಸಹಾಯ ಮಾಡದೆ ಇರುವುದಿಲ್ಲ, ದೂರ ಜಾಸ್ತಿ ಅಷ್ಟೆ. ಕಾರಲ್ಲೂ ಮನೆಯಲ್ಲೂ ಅರ್ಧ ದಿನ ನಿಮ್ಮಷ್ಟಕ್ಕೆ ನೀವೇ ನಿಭಾಯಿಸುವಷ್ಟು ತಯಾರಿ ಇದ್ದರೆ ಹೆದರುವ ಕಾರಣವಿಲ್ಲ.

1. ಮನೆ ನೋಡುವ ಮೊದಲು ರಸ್ತೆ ನೋಡಿ

ಮ್ಯಾಪಿನಲ್ಲಿ ಆಸ್ಪತ್ರೆಯಿಂದ ಎಂಟು ಮೈಲಿ ಅಂತ ಕಂಡ ಮನೆಗೆ ಬೆಟ್ಟ ಸುತ್ತಿ ಹೋಗಲು ಅರ್ಧ ಗಂಟೆ ಹಿಡಿಯಬಹುದು. ಇಲ್ಲಿನವರು ದೂರವನ್ನು ಮೈಲಿಯಲ್ಲಿ ಹೇಳುವುದೇ ಕಡಿಮೆ, ನಿಮಿಷದಲ್ಲಿ ಹೇಳುತ್ತಾರೆ. 1977ರಲ್ಲಿ ನ್ಯೂ ರಿವರ್ ಕಣಿವೆಯ ಮೇಲೆ 876 ಅಡಿ ಎತ್ತರದ ಸೇತುವೆ ಬರುವ ಮೊದಲು ಆ ಕಣಿವೆ ಇಳಿದು ಹತ್ತಲು 40 ನಿಮಿಷ ಬೇಕಿತ್ತು, ಈಗ ಒಂದು ನಿಮಿಷ ಸಾಕು. ಆದರೆ ಅಂಥ ಸೇತುವೆ ಎಲ್ಲ ಕಣಿವೆಗೂ ಇಲ್ಲ.

ಮನೆ ತೋರಿಸುವವರಿಗೆ ಈ ನಾಲ್ಕು ಪ್ರಶ್ನೆ ಕೇಳಿ. ಈ ರಸ್ತೆ ರಾಜ್ಯದ್ದಾ, ಖಾಸಗಿಯದಾ? ವೆಸ್ಟ್ ವರ್ಜೀನಿಯಾದಲ್ಲಿ ಹಳ್ಳಿ ರಸ್ತೆಗಳನ್ನೂ ಹೆಚ್ಚಾಗಿ ರಾಜ್ಯವೇ ನೋಡಿಕೊಳ್ಳುತ್ತದೆ, ಆದರೆ ಖಾಸಗಿ ರಸ್ತೆಯಲ್ಲಿ ಬಿದ್ದ ಹಿಮವನ್ನು ಯಾರೂ ಬಂದು ತೆಗೆಯುವುದಿಲ್ಲ. ಮನೆಗೆ ಹೋಗುವ ದಾರಿ ಎಷ್ಟು ಕಡಿದಾಗಿದೆ, ಬಿಸಿಲು ಬೀಳುತ್ತದಾ? ಬೆಟ್ಟದ ಉತ್ತರ ಮಗ್ಗುಲಲ್ಲಿ ಐಸ್ ವಾರಗಟ್ಟಲೆ ಕರಗದೆ ಕೂರುತ್ತದೆ. ಮನೆಯೊಳಗೆ ಫೋನ್ ಸಿಗ್ನಲ್ ಇದೆಯಾ, ಇಂಟರ್ನೆಟ್ ಯಾವುದು? ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಹಳ್ಳದ ನೀರು ಯಾವತ್ತಾದರೂ ಇಲ್ಲಿಯವರೆಗೆ ಬಂದಿತ್ತಾ?

ಈ ಕೊನೆಯ ಪ್ರಶ್ನೆಯನ್ನು ಮನೆ ಮಾರುವವರಿಗಿಂತ ಪಕ್ಕದ ಮನೆಯವರಿಗೆ ಕೇಳಿ. ಎರಡು ಬೆಟ್ಟದ ನಡುವಿನ ಇಕ್ಕಟ್ಟಾದ ಕಣಿವೆಗೆ ಇಲ್ಲಿ 'ಹಾಲರ್' ಅನ್ನುತ್ತಾರೆ. ಅದರ ತಳದಲ್ಲಿ ಒಂದು ಹಳ್ಳ, ಹಳ್ಳದ ಪಕ್ಕ ರಸ್ತೆ, ರಸ್ತೆ ಪಕ್ಕ ಮನೆಗಳು. ಸಪಾಟಾದ ನೆಲ ಇರುವುದೇ ಅಷ್ಟು. ಜೋರು ಮಳೆ ಬಂದರೆ ಎರಡೂ ಬೆಟ್ಟದ ನೀರು ಆ ಒಂದೇ ಹಳ್ಳಕ್ಕೆ ಬರುತ್ತದೆ. 2016ರ ಜೂನ್‌ನಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ, 2022ರ ಜುಲೈನಲ್ಲಿ ಪೂರ್ವ ಕೆಂಟಕಿಯಲ್ಲಿ ಆದದ್ದು ಇದೇ. ಮಾಮೂಲಿ ಮನೆ ವಿಮೆ ನೆರೆಗೆ ದುಡ್ಡು ಕೊಡುವುದಿಲ್ಲ. ನೆರೆ ವಿಮೆ ಬೇರೆಯೇ ತೆಗೆದುಕೊಳ್ಳಬೇಕು, ಸರ್ಕಾರಿ ಯೋಜನೆಯ ವಿಮೆ ಸಾಮಾನ್ಯವಾಗಿ ಜಾರಿಗೆ ಬರಲು 30 ದಿನ ಬೇಕು. ಮೋಡ ಕಟ್ಟಿದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಬಾಡಿಗೆಗೆ ಇರುವವರೂ ಸಾಮಾನುಗಳಿಗೆ ಮಾತ್ರ ಈ ವಿಮೆ ತೆಗೆದುಕೊಳ್ಳಬಹುದು.

2. ಫೋನಿನ ಮೇಲೆ ಭಾರ ಹಾಕಬೇಡಿ

ಬೆಟ್ಟದ ಹಿಂದೆ ಹೋದರೆ ಸಿಗ್ನಲ್ ಇಲ್ಲ. ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ಅನ್ನುವ ಊರಿನ ಕಡೆ ಹೋದರಂತೂ ಅಲ್ಲಿ ರೇಡಿಯೋ ದೂರದರ್ಶಕ ಇರುವ ಕಾರಣ 1958ರಿಂದ 13,000 ಚದರ ಮೈಲಿ ಜಾಗವನ್ನು ರೇಡಿಯೋ ಅಲೆಗಳಿಗೆ ನಿರ್ಬಂಧ ಇರುವ ವಲಯ ಮಾಡಿದ್ದಾರೆ. ದೂರದರ್ಶಕದ ಹತ್ತಿರ ಮೊಬೈಲ್ ಕೆಲಸ ಮಾಡುವುದಿಲ್ಲ.

ಮಾಡಬೇಕಾದ್ದು ಇಷ್ಟು. ನಿಮ್ಮ ಸುತ್ತಲಿನ ಕೌಂಟಿಗಳ ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಮನೆಯಲ್ಲಿ ವೈಫೈ ಮೂಲಕ ಕರೆ ಮಾಡುವ ಸೌಲಭ್ಯ ಆನ್ ಮಾಡಿ. ಯಾವ ಕಂಪನಿಯ ಸಿಮ್ ಅಂತ ಜಾಹೀರಾತು ನೋಡಿ ತೀರ್ಮಾನಿಸಬೇಡಿ, ಜೊತೆಗೆ ಕೆಲಸ ಮಾಡುವ ನರ್ಸ್‌ಗಳನ್ನು ಕೇಳಿ, ಅವರು ಯಾವ ತಿರುವಿನಲ್ಲಿ ಯಾವ ಸಿಮ್ ಸಿಗುತ್ತದೆ ಅಂತ ಹೇಳಬಲ್ಲರು. ಆನ್-ಕಾಲ್ ಇರುವವರು (ಕರೆ ಬಂದ ಕೂಡಲೆ ಆಸ್ಪತ್ರೆಗೆ ಹೋಗಬೇಕಾದವರು) ಮನೆಗೆ ಲ್ಯಾಂಡ್‌ಲೈನ್ ಹಾಕಿಸಿಕೊಂಡರೆ ಒಳ್ಳೆಯದು. ಹೊಸ ಐಫೋನ್‌ಗಳಲ್ಲಿ (14 ಮತ್ತು ನಂತರದವು) ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು, ಅದನ್ನು ಒಮ್ಮೆ ಮನೆಯ ಅಂಗಳದಲ್ಲೇ ಕಲಿತುಕೊಳ್ಳಿ.

ಮ್ಯಾಪ್ ತೋರಿಸುವ ಹತ್ತಿರದ ದಾರಿಯನ್ನು ನಂಬಬೇಡಿ. ಹತ್ತು ನಿಮಿಷ ಉಳಿಸಲು ಅದು ನಿಮ್ಮನ್ನು ಕಾಡಿನ ಮಣ್ಣು ರಸ್ತೆಗೆ ಕಳಿಸಬಹುದು, ಚಳಿಗಾಲದಲ್ಲಿ ಅಂಥ ರಸ್ತೆಗೆ ಗೇಟು ಹಾಕಿರಬಹುದು. 1965ರ ಅಪಲಾಚಿಯನ್ ಅಭಿವೃದ್ಧಿ ಕಾಯ್ದೆಯ ಅಡಿ ಕಟ್ಟಿದ 'ಕಾರಿಡಾರ್' ರಸ್ತೆಗಳಿವೆ. ಯುಎಸ್-19, ಯುಎಸ್-119 ಇಂಥವು, ನಾಲ್ಕು ಪಥದ ಅಗಲ ರಸ್ತೆಗಳು. ಮೊದಲ ಆರು ತಿಂಗಳು ಸುತ್ತಾದರೂ ಇವುಗಳಲ್ಲೇ ಹೋಗಿ. ಹೊರಡುವ ಮೊದಲು 511ಕ್ಕೆ ಫೋನ್ ಮಾಡಿದರೆ ಅಥವಾ ಅದರ ಆ್ಯಪ್ ನೋಡಿದರೆ ರಸ್ತೆ ಸ್ಥಿತಿ ತಿಳಿಯುತ್ತದೆ.

3. ಕಾರು ಮತ್ತು ಕಾಗದ

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು (ಆಲ್-ವೀಲ್ ಡ್ರೈವ್) ಇದ್ದರೆ ಒಳ್ಳೆಯದು. ಆದರೆ ಅದು ಹತ್ತುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕೆ ಅಲ್ಲ. ಐಸ್ ಮೇಲೆ ಬ್ರೇಕ್ ಹಾಕಿದಾಗ ಎಲ್ಲ ಕಾರೂ ಒಂದೇ. ನಿಲ್ಲಿಸುವುದು ಟೈರು. ದೊಡ್ಡ ಎಸ್‌ಯುವಿಗೆ ದುಡ್ಡು ಸುರಿದು ಸವೆದ ಟೈರಿನಲ್ಲಿ ಓಡಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಆತಂಕ ಆಗುತ್ತದೆ. ಉಷ್ಣತೆ 45 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರ್ ಗಡುಸಾಗುತ್ತದೆ, ಚಳಿಗಾಲದ ಟೈರಿನದು ಮೆದುವಾಗಿಯೇ ಇರುತ್ತದೆ. ಎತ್ತರದ ಜಾಗದಲ್ಲಿ ಮನೆ ಇದ್ದರೆ ನವೆಂಬರ್ ಹೊತ್ತಿಗೆ ಹಾಕಿಸಿ.

ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ವೆಸ್ಟ್ ವರ್ಜೀನಿಯಾಕ್ಕೆ ಹೊಸದಾಗಿ ಬಂದವರು 30 ದಿನದೊಳಗೆ ಲೈಸೆನ್ಸನ್ನು ಈ ರಾಜ್ಯಕ್ಕೆ ಬದಲಿಸಬೇಕು. ವಿಮೆ ತೆಗೆದುಕೊಳ್ಳುವಾಗ 'ಕಾಂಪ್ರಿಹೆನ್ಸಿವ್' ಭಾಗವನ್ನು ಬಿಡಬೇಡಿ. ಯಾಕೆ ಅಂತ ಕೆಳಗೆ ಜಿಂಕೆಯ ಬಗ್ಗೆ ಹೇಳುವಾಗ (6ನೆಯದರಲ್ಲಿ) ಹೇಳುತ್ತೇನೆ.

4. ಕಿರಿದಾದ ರಸ್ತೆ, ಕಾಣದ ತಿರುವು

ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಯಲ್ಲಿ ಓಡಿಸಿದವರಿಗೆ ತಿರುವು ಹೊಸದಲ್ಲ. ಹೊಸದು ಇಲ್ಲಿನ ವೇಗ ಮತ್ತು ರೂಢಿ. ತಿರುವಿಗೊಮ್ಮೆ ಹಾರ್ನ್ ಹಾಕುವ ಅಭ್ಯಾಸ ಬಿಡಿ. ಇಲ್ಲಿ ಹಾರ್ನ್ ಅಂದರೆ ಬೈದ ಹಾಗೆ.

ವೇಗದ ಫಲಕ ಎರಡು ಬಗೆ. ಬಿಳಿ ಫಲಕದ್ದು ಕಾನೂನಿನ ಮಿತಿ. ತಿರುವಿನ ಚಿತ್ರದ ಕೆಳಗೆ ಹಳದಿ ಫಲಕದಲ್ಲಿ ಇರುವುದು ಸಲಹೆ, ಆ ತಿರುವಿಗೆ ಸರಿಯಾದ ವೇಗ. ಹಳದಿ 20 ಅಂದರೆ 20ಕ್ಕೇ ಇಳಿಸಿ, ಅದೂ ತಿರುವಿನ ಮೊದಲೇ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಹೊಸಬರು ಎಡವುವ ಇನ್ನೊಂದು ವಿಷಯ ಇದೆ. ವೆಸ್ಟ್ ವರ್ಜೀನಿಯಾದಲ್ಲಿ ಊರಾಚೆ ಫಲಕ ಇಲ್ಲದ ರಸ್ತೆಗೆ ಕಾನೂನಿನ ಮಿತಿ ಗಂಟೆಗೆ 55 ಮೈಲಿ. ಮಧ್ಯದ ಗೆರೆಯೂ ಇಲ್ಲದ, ಒಂದೂವರೆ ಕಾರು ಅಗಲದ ರಸ್ತೆಗೂ ಅದೇ. ಅಲ್ಲಿ 55ರಲ್ಲಿ ಹೋಗಬೇಕು ಅಂತ ಅರ್ಥ ಅಲ್ಲ, 25 ಕೂಡ ಜಾಸ್ತಿ ಇರಬಹುದು.

ಬಲಕ್ಕೆ ಅಂಟಿಕೊಂಡು ಹೋಗಿ. ಕಲ್ಲಿದ್ದಲು ಮತ್ತು ಮರದ ದಿಮ್ಮಿ ಸಾಗಿಸುವ ಲಾರಿಗಳು ತಿರುವಿನಲ್ಲಿ ಅನಿವಾರ್ಯವಾಗಿ ನಿಮ್ಮ ಪಥದೊಳಗೆ ಬರುತ್ತವೆ. ಎದುರಿಗೆ ಕಂಡರೆ ತಿರುವಿಗೆ ಮೊದಲೇ ನಿಂತು ದಾರಿ ಬಿಡಿ. ಒಂದೇ ಗಾಡಿ ಹಿಡಿಸುವ ಕಡೆ ಎದುರಾಬದುರಾದರೆ ಹತ್ತುತ್ತಿರುವವರಿಗೆ ಮೊದಲು ದಾರಿ ಕೊಡುವುದು ಇಲ್ಲೂ ರೂಢಿ. ಎದುರಿನವರು ಲೈಟ್ ಮಿಣುಕಿಸಿದರೆ ಮುಂದೆ ಜಿಂಕೆಯೋ ಅಪಘಾತವೋ ಬಿದ್ದ ಮರವೋ ಇದೆ ಅಂತ ತಿಳಿದು ನಿಧಾನ ಮಾಡಿ.

ಹಿಂದಿನ ಕಾರು ಹತ್ತಿರ ಬಂದು ಅಂಟಿಕೊಂಡರೆ ಗಾಬರಿಯಾಗಿ ವೇಗ ಹೆಚ್ಚಿಸಬೇಡಿ. ಅವರು ಇಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಈ ರಸ್ತೆ ಬಾಯಿಪಾಠ. ಜಾಗ ಸಿಕ್ಕಲ್ಲಿ ಬಲಕ್ಕೆ ತೆಗೆದು ಅವರನ್ನು ಮುಂದೆ ಬಿಡಿ. ಕೈ ಎತ್ತಿ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ.

ಇನ್ನೆರಡು ವಿಷಯ. ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಹಾಕಿ ನಿಂತರೆ ಎರಡು ಪಥದ ರಸ್ತೆಯಲ್ಲಿ ಎರಡೂ ಕಡೆಯವರು ನಿಲ್ಲಲೇಬೇಕು. ಶವಯಾತ್ರೆಯ ಕಾರುಗಳ ಸಾಲು ಎದುರಾದರೆ ಬದಿಗೆ ತೆಗೆದು ನಿಲ್ಲಿಸುವುದು ಇಲ್ಲಿನ ಮರ್ಯಾದೆ. ಗೊತ್ತಿರುವವರ ಮನೆಯದಾಗಬೇಕಿಲ್ಲ.

5. ಇಳಿಯುವುದು ಕಲಿಯಿರಿ

ಹತ್ತುವಾಗ ಯಾರಿಗೂ ತೊಂದರೆ ಇಲ್ಲ. ಅಪಾಯ ಇರುವುದು ಇಳಿಯುವಾಗ. ಐ-64 ಹೆದ್ದಾರಿಯಲ್ಲಿ ಬೆಕ್ಲಿ ಊರಿನಿಂದ ಪೂರ್ವಕ್ಕೆ ಹೋದರೆ ಸ್ಯಾಂಡ್‌ಸ್ಟೋನ್ ಬೆಟ್ಟದ ಇಳಿಜಾರು ಸಿಗುತ್ತದೆ. ಫಲಕದಲ್ಲಿ 7% ಅಂತ ಇರುತ್ತದೆ, ಅಂದರೆ ನೂರು ಅಡಿ ಮುಂದೆ ಹೋದರೆ ಏಳು ಅಡಿ ಕೆಳಗೆ. ಕೇಳಲು ಸಣ್ಣದು, ಆದರೆ ಮೈಲಿಗಟ್ಟಲೆ ಇದೇ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಹಂತಗಳು ಹೀಗೆ. ಬೆಟ್ಟದ ನೆತ್ತಿಯಲ್ಲೇ, ಇಳಿಯಲು ಶುರು ಮಾಡುವ ಮೊದಲೇ ವೇಗ ಕಡಿಮೆ ಮಾಡಿ. ಗೇರನ್ನು 'ಡಿ'ಯಿಂದ 'ಎಲ್' ಅಥವಾ 'ಎಂ'ಗೆ ಹಾಕಿ ಕೆಳಗಿನ ಗೇರಿಗೆ ತನ್ನಿ, ಹೈಬ್ರಿಡ್ ಕಾರಿನಲ್ಲಿ ಇದು 'ಬಿ' ಅಂತ ಇರುತ್ತದೆ. ಎಂಜಿನ್ ಸದ್ದು ಜೋರಾಗುತ್ತದೆ, ಹೆದರಬೇಡಿ, ಅದೇ ಕಾರನ್ನು ಹಿಡಿದಿಟ್ಟುಕೊಳ್ಳುವುದು. ಆಮೇಲೂ ವೇಗ ಏರಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಏರಿದರೆ ಮತ್ತೆ ಒತ್ತಿ. ಸುಮ್ನೆ ಮೆತ್ತಗೆ ಒತ್ತಿಕೊಂಡೇ ಇರುವುದು ಬೇಡ. ಊರಲ್ಲಿ ಗೇರ್ ಕಾರು ಓಡಿಸಿದವರಿಗೆ ಇದು ಗೊತ್ತಿರುತ್ತದೆ, ಅಮೆರಿಕದಲ್ಲಿ ಆಟೋಮ್ಯಾಟಿಕ್ ಕಾರಿಗೆ ಬಂದ ಮೇಲೆ ಮರೆತುಹೋಗಿರುತ್ತದೆ ಅಲ್ವಾ? ಇಳಿಜಾರಿನಲ್ಲಿ ಕ್ರೂಸ್ ಕಂಟ್ರೋಲ್ (ಕಾರು ತಾನೇ ಒಂದೇ ವೇಗ ಹಿಡಿದು ಹೋಗುವ ಸೌಲಭ್ಯ) ಬೇಡ. ಎಲೆಕ್ಟ್ರಿಕ್ ಕಾರಿನವರು ಒಂದು ವಿಷಯ ನೆನಪಿಡಿ: ಬೆಟ್ಟದ ಮೇಲಿರುವ ಮನೆಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ ಹೊರಟರೆ ಇಳಿಯುವಾಗಿನ ಶಕ್ತಿ ತುಂಬಿಕೊಳ್ಳಲು ಜಾಗ ಇರುವುದಿಲ್ಲ, ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ. 80-85%ಗೆ ನಿಲ್ಲಿಸಿ.

ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ನೀರು ಹಾಕಬೇಡಿ. ರಸ್ತೆ ಬದಿಯಲ್ಲಿ ಜಲ್ಲಿ ತುಂಬಿದ, ಮೇಲಕ್ಕೆ ಏರುವ ದಾರಿ ಕಾಣುತ್ತದೆ. ಅದು ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲುವುದಕ್ಕೆ ಮಾಡಿದ್ದು. ಅದರ ಬಾಯಲ್ಲಿ ಫೋಟೋ ತೆಗೆಯಲು ಕಾರು ನಿಲ್ಲಿಸಬೇಡಿ.

6. ಜಿಂಕೆ

ವೆಸ್ಟ್ ವರ್ಜೀನಿಯಾದಲ್ಲಿ ಪ್ರಾಣಿಗೆ ಕಾರು ಗುದ್ದುವ ಸಾಧ್ಯತೆ ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಅಂತ ವಿಮಾ ಕಂಪನಿಯ ಪಟ್ಟಿಯಲ್ಲಿ ವರ್ಷ ವರ್ಷವೂ ಬರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಜಿಂಕೆಗಳು ಜೊತೆ ಹುಡುಕಿ ಓಡಾಡುವ ಕಾಲ, ನವೆಂಬರ್ ಕೆಟ್ಟದ್ದು. ಮುಂಜಾನೆ ಮತ್ತು ಸಂಜೆ ಕತ್ತಲಾಗುವ ಹೊತ್ತು, ಅಂದರೆ ಸರಿಯಾಗಿ ಆಸ್ಪತ್ರೆಯ ಪಾಳಿ ಬದಲಾಗುವ ಹೊತ್ತು.

ಒಂದು ದಾಟಿದರೆ ಹಿಂದೆ ಇನ್ನೆರಡು ಇರುತ್ತವೆ, ನಿಧಾನ ಮಾಡಿ ಕಾಯಿರಿ. ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಾಕಿ. ಸ್ಟೀರಿಂಗ್ ತಿರುಗಿಸಬೇಡಿ. ಇದು ಹೇಳುವಷ್ಟು ಸುಲಭ ಅಲ್ಲ, ಕೈ ತಾನಾಗಿ ತಿರುಗುತ್ತದೆ, ಆದರೆ ಈ ರಸ್ತೆಗಳಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಳ್ಳ. ಜಿಂಕೆ ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದವರಿಗೆ ಆಗುವ ಗಾಯವೇ ದೊಡ್ಡದು. ಜಿಂಕೆಗೆ ಗುದ್ದಿದರೆ ಆ ಹಾನಿ ಕಾಂಪ್ರಿಹೆನ್ಸಿವ್ ವಿಮೆಯಲ್ಲಿ ಬರುತ್ತದೆ. ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದರೆ ಅದು ಬೇರೆ ಲೆಕ್ಕ, ಡಿಕ್ಕಿಯ (ಕೊಲಿಶನ್) ವಿಮೆಗೆ ಸೇರುತ್ತದೆ. ಗಾಯಗೊಂಡ ಜಿಂಕೆಯ ಹತ್ತಿರ ಹೋಗಬೇಡಿ, 911ಕ್ಕೆ ಹೇಳಿ.

7. ಮಂಜು, ಹಿಮ, ನೀರು

ಮಂಜು: ವರ್ಜೀನಿಯಾ ಮತ್ತು ನಾರ್ತ್ ಕೆರೊಲಿನಾ ಗಡಿ ಹತ್ತಿರ ಐ-77ರಲ್ಲಿ ಫ್ಯಾನ್ಸಿ ಗ್ಯಾಪ್ ಅನ್ನುವ ಜಾಗ ಇದೆ. 2013ರ ಮಾರ್ಚ್ 31ರಂದು ಅಲ್ಲಿ ಮಂಜಿನಲ್ಲಿ 95 ವಾಹನಗಳು ಒಂದಕ್ಕೊಂದು ಗುದ್ದಿ 3 ಜನ ಸತ್ತರು. ಶಾರ್ಲಟ್‌ಗೆ ಹೋಗುವ ನಮ್ಮವರೆಲ್ಲ ಇದೇ ದಾರಿ ಹಿಡಿಯುತ್ತಾರೆ. ಮಂಜಿನಲ್ಲಿ ಲೈಟ್ ಕೆಳಗಿರಲಿ, ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಬಲಬದಿಯ ಬಿಳಿ ಗೆರೆ ನೋಡಿಕೊಂಡು ಹೋಗಿ. ರಸ್ತೆಯ ಮೇಲೆ ಮಾತ್ರ ನಿಲ್ಲಬೇಡಿ.

ಹಿಮಕ್ಕಿಂತ ಐಸ್ ಕೆಟ್ಟದ್ದು. ಹಗಲು ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ, ಬೆಳಗ್ಗೆ ಅದು ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ. ಇದನ್ನೇ 'ಬ್ಲ್ಯಾಕ್ ಐಸ್' ಅನ್ನುವುದು. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಕೆಳಗೂ ಗಾಳಿ ಆಡುವುದರಿಂದ. ಬೆಳಗ್ಗೆ ಎದ್ದ ಕೂಡಲೆ ಕೌಂಟಿ ಶಾಲೆಗಳ ಪ್ರಕಟಣೆ ನೋಡಿ. ಮಕ್ಕಳಿಲ್ಲದವರೂ ನೋಡಿ. 'ಎರಡು ಗಂಟೆ ತಡ' ಅಂತ ಇದ್ದರೆ ಶಾಲಾ ಬಸ್ಸು ಹೋಗುವ ರಸ್ತೆಗಳು ಇನ್ನೂ ಸರಿ ಇಲ್ಲ ಅಂತ ಅರ್ಥ, ಆಗುವುದಾದರೆ ನೀವೂ ತಡವಾಗಿ ಹೊರಡಿ. ಆನ್-ಕಾಲ್ ಇದ್ದು ಹೋಗಲೇಬೇಕಾದರೆ ಹಿಂದಿನ ರಾತ್ರಿಯೇ ಆಸ್ಪತ್ರೆಯಲ್ಲಿ ಉಳಿಯುವ ವ್ಯವಸ್ಥೆ ಇದೆಯಾ, ಕರೆದುಕೊಂಡು ಹೋಗುವವರು ಯಾರಾದರೂ ಇದ್ದಾರಾ ಅಂತ ಕೆಲಸಕ್ಕೆ ಸೇರಿದ ವಾರವೇ ವಿಚಾರಿಸಿ. ಕೇಳುವುದಕ್ಕೆ ಸಂಕೋಚ ಬೇಡ.

ಗಾಜಿನ ಮೇಲಿನ ಐಸ್‌ಗೆ ಬಿಸಿನೀರು ಸುರಿಯಬೇಡಿ, ಗಾಜು ಬಿರಿಯುತ್ತದೆ. ಕಾರಿನಲ್ಲಿ ಕಂಬಳಿ, ಟಾರ್ಚ್, ಚಿಕ್ಕ ಸಲಿಕೆ, ಒಂದು ಚೀಲ ಮರಳು, ಜಂಪರ್ ಕೇಬಲ್, ಪವರ್ ಬ್ಯಾಂಕ್, ನೀರು, ಒಂದಿಷ್ಟು ಚಿಕ್ಕಿ ಇಲ್ಲವೇ ಕಡಲೆಬೀಜ, ದಿನಾ ತಗೊಳ್ಳುವ ಮಾತ್ರೆ ಇರಲಿ. ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಹೊಗೆ ಕೊಳವೆಯ ಸುತ್ತ ಹಿಮ ತೆಗೆದು ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ, ಕಿಟಕಿ ಸ್ವಲ್ಪ ತೆರೆದಿಟ್ಟು. ಕೊಳವೆ ಮುಚ್ಚಿದ್ದರೆ ವಿಷಗಾಳಿ ಒಳಗೆ ಬರುತ್ತದೆ.

ನೀರು: ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಒಂದು ಅಡಿ ನೀರು ಚಿಕ್ಕ ಕಾರನ್ನು ತೇಲಿಸುತ್ತದೆ, ಎರಡು ಅಡಿ ಹರಿಯುವ ನೀರು ಎಸ್‌ಯುವಿಯನ್ನೂ ಒಯ್ಯುತ್ತದೆ. ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿಂದ ಕಾಣುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದ ಮಳೆಗೆ ನಾರ್ತ್ ಕೆರೊಲಿನಾದ ಐ-40 ಹೆದ್ದಾರಿಯ ಒಂದು ಭಾಗವೇ ಕೊಚ್ಚಿಹೋಯಿತು, ಹಳ್ಳಿ ರಸ್ತೆ ಯಾವ ಲೆಕ್ಕ.

8. ಮನೆಯೊಳಗಿನ ತಯಾರಿ

ಊರಾಚೆಯ ಮನೆಗೆ ಹೆಚ್ಚಾಗಿ ಕೊಳವೆಬಾವಿಯ ನೀರು. ಕರೆಂಟ್ ಹೋದರೆ ಪಂಪೂ ಹೋಯಿತು, ನಲ್ಲಿಯಲ್ಲಿ ನೀರಿಲ್ಲ. ಬಿರುಗಾಳಿಯ ಸುದ್ದಿ ಬಂದ ಕೂಡಲೆ ಬಕೆಟ್, ಪಾತ್ರೆ, ಬಾತ್‌ಟಬ್ ತುಂಬಿಸಿಡಿ. ಬಾವಿ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಶೌಚದ ನೀರು ಅಂಗಳದಲ್ಲಿ ಹೂತ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ, ಹಾಗಾಗಿ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಜನರೇಟರ್ ಇಟ್ಟುಕೊಂಡರೆ ಮನೆಯಿಂದ ಕನಿಷ್ಠ 20 ಅಡಿ ಹೊರಗಿಟ್ಟು ಓಡಿಸಿ, ಗ್ಯಾರೇಜಿನಲ್ಲಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಮನೆ ನಂಬರ್ ರಸ್ತೆಯಿಂದ ರಾತ್ರಿಯೂ ಕಾಣುವಂತೆ ಹೊಳೆಯುವ ಅಂಕಿಯಲ್ಲಿ ಹಾಕಿ, ಆಂಬುಲೆನ್ಸ್‌ನವರು ಅದನ್ನೇ ಹುಡುಕುವುದು.

ಕಸ ಹೊರಗಿಟ್ಟರೆ ಕರಡಿ ಬರುತ್ತದೆ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ನಡೆದು ಬಂದರೆ ಮೈಮೇಲೆ ಉಣುಗು ಇದೆಯಾ ನೋಡಿಕೊಳ್ಳಿ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇಲ್ಲಿ ಉಣುಗಿನಿಂದ ಬರುವುದು ಲೈಮ್ ಕಾಯಿಲೆ.

9. ಜನರ ಜೊತೆ

ಎದುರು ಬರುವವರು ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತುತ್ತಾರೆ. ನೀವೂ ಎತ್ತಿ. ಹೋದ ಮೊದಲ ವಾರವೇ ಅಕ್ಕಪಕ್ಕದ ಮನೆಗೆ ಹೋಗಿ ಮಾತಾಡಿಸಿ, ಫೋನ್ ನಂಬರ್ ಕೊಟ್ಟು ತೆಗೆದುಕೊಳ್ಳಿ. ಮರ ಬಿದ್ದು ದಾರಿ ಮುಚ್ಚಿದಾಗ ಗರಗಸ ಹಿಡಿದು ಮೊದಲು ಬರುವುದು ಅವರೇ. ಅಗ್ನಿಶಾಮಕ ದಳ ಕೂಡ ಹೆಚ್ಚಿನ ಕಡೆ ಊರಿನವರೇ ಸಂಬಳವಿಲ್ಲದೆ ನಡೆಸುವಂಥದ್ದು. ಅವರು ದೇಣಿಗೆಗೆ ಊಟ ಇಟ್ಟರೆ ಹೋಗಿ, ಕೈಲಾದಷ್ಟು ಕೊಡಿ.

'ಯಾವ ಚರ್ಚಿಗೆ ಹೋಗ್ತೀರಿ?' ಅಂತ ಕೇಳುವುದು ಇಲ್ಲಿ ಪರಿಚಯದ ಮಾತು. ನಾವು ಹಿಂದೂಗಳು, ದೇವಸ್ಥಾನ ಪಿಟ್ಸ್‌ಬರ್ಗ್‌ನಲ್ಲಿದೆ ಅಂತ ನೇರವಾಗಿ ಹೇಳಿ, ಅಷ್ಟು ಸಾಕು. ಕಲ್ಲಿದ್ದಲಿನ ಬಗ್ಗೆ ಉಪದೇಶ ಬೇಡ. ಪ್ರತಿ ಮನೆಯಲ್ಲೂ ಗಣಿಗೆ ಹೋದ ಅಜ್ಜ ಇದ್ದಾರೆ, ಅವರ ಶ್ವಾಸಕೋಶದ ಕಥೆ ಇದೆ. ಕೇಳಿಸಿಕೊಳ್ಳಿ. ಬೆಟ್ಟದ ಜನರನ್ನು ಹೀಗಳೆಯುವ ಟಿವಿ ಜೋಕುಗಳನ್ನು ತಮಾಷೆಗೂ ಆಡಬೇಡಿ, ಅದು ನೋಯಿಸುತ್ತದೆ.

ನಡೆಯಲು ಹೋದಾಗ ಬೇರೆಯವರ ಜಾಗಕ್ಕೆ ಕಾಲಿಡಬೇಡಿ. ಮರದ ಮೇಲೆ ನೇರಳೆ ಬಣ್ಣ ಬಳಿದಿದ್ದರೆ ಹಲವು ರಾಜ್ಯಗಳಲ್ಲಿ ಅದು 'ಒಳಗೆ ಬರಬೇಡಿ' ಫಲಕಕ್ಕೆ ಸಮ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ (ನವೆಂಬರ್ ಕೊನೆಗೆ) ಜಿಂಕೆ ಬೇಟೆ ಜೋರು, ಎಷ್ಟೋ ಕೌಂಟಿಗಳಲ್ಲಿ ಶಾಲೆಗೆ ಇಡೀ ವಾರ ರಜೆ. ಆಗ ಕಾಡಿನ ಹತ್ತಿರ ಹೋಗುವುದಾದರೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಳ್ಳಿ, ಮಕ್ಕಳಿಗೂ ಹಾಕಿ.

10. ಊಟ ಮತ್ತು ಸಾಮಾನು

ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಹುರುಳಿಕಾಯಿ ಪಲ್ಯದಲ್ಲಿ ಬೇಕನ್, ಬೇಯಿಸಿದ ಕಾಳಿನಲ್ಲಿ ಹಂದಿಮಾಂಸದ ತುಂಡು, ಬಿಸ್ಕಿಟ್ (ಇಲ್ಲಿ ಅದು ಮೆತ್ತನೆಯ ಬನ್ನಿನಂಥದ್ದು) ಜೊತೆಯ ಬಿಳಿ ಗ್ರೇವಿಯಲ್ಲಿ ಸಾಸೇಜ್ ಇರುವುದು ಇಲ್ಲಿ ಮಾಮೂಲು. ಏಪ್ರಿಲ್‌ನಲ್ಲಿ ಕಾಡಿನಿಂದ ಕಿತ್ತು ತರುವ 'ರ‍್ಯಾಂಪ್' ಅನ್ನುವ ಸೊಪ್ಪು ಬರುತ್ತದೆ. ಬೆಳ್ಳುಳ್ಳಿ, ಈರುಳ್ಳಿ ಎರಡರ ಘಾಟೂ ಇದೆ. ಅಕ್ಕಿರೊಟ್ಟಿಗೆ ಹೆಚ್ಚಿ ಹಾಕಿದರೆ ತುಂಬಾ ಚೆನ್ನಾಗಿರುತ್ತದೆ.

ಊರ ಸಾಮಾನಿಗೆ ಪಿಟ್ಸ್‌ಬರ್ಗ್, ಕೊಲಂಬಸ್ ಅಥವಾ ಶಾರ್ಲಟ್‌ಗೆ ಹೋಗಬೇಕು. ಒಂದು ಡೀಪ್ ಫ್ರೀಜರ್ ಕೊಂಡುಕೊಳ್ಳಿ. ತೆಂಗಿನತುರಿ, ಕರಿಬೇವು, ನುಗ್ಗೆಕಾಯಿ ಎರಡು ತಿಂಗಳಿಗಾಗುವಷ್ಟು ಒಮ್ಮೆಲೇ ತನ್ನಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಈ ಪ್ರಯಾಣದ ದಿನಾಂಕವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಡಿ. ಹವಾಮಾನ ನೋಡಿ, ಬೆಳಗ್ಗೆ ಐಸ್ ಕರಗಿದ ಮೇಲೆ ಹೊರಟು, ಕತ್ತಲಾಗುವ ಮೊದಲು ಬೆಟ್ಟ ಇಳಿದಿರುವ ಹಾಗೆ ಲೆಕ್ಕ ಹಾಕಿ. ಆಗದಿದ್ದರೆ ಅಲ್ಲೇ ಒಂದು ರಾತ್ರಿ ಉಳಿದು ಮಾರನೇ ದಿನ ಬನ್ನಿ.